ವಿಂಡೋಸ್ 11 ಕಂಪ್ಯೂಟರ್‌ನಲ್ಲಿ ಬೇಡದ ಎಐ ಸೌಲಭ್ಯಗಳನ್ನು ಆಫ್ ಮಾಡುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಮೈಕ್ರೋಸಾಫ್ಟ್‌ನ ಎಐ ಸಹಾಯಕ ಕೋಪೈಲಟ್ ಅನ್ನು ಅನ್‌ಇನ್‌ಸ್ಟಾಲ್ ಮಾಡಿದರೂ ಎಡ್ಜ್ ಬ್ರೌಸರ್‌ನ ಮೂಲೆಯಲ್ಲಿ ಅದೇ ಐಕಾನ್ ಕೂತಿರುತ್ತದೆ. ಎಡ್ಜ್‌ನಲ್ಲಿ ಆಫ್ ಮಾಡಿದರೆ ವರ್ಡ್‌ನ ಖಾಲಿ ಪುಟದ ಮೇಲೆ ಇಣುಕುತ್ತದೆ. ವರ್ಡ್‌ನಲ್ಲಿ ಟಿಕ್ ತೆಗೆದದ್ದು ಎಕ್ಸೆಲ್‌ಗೆ ಗೊತ್ತೇ ಇರುವುದಿಲ್ಲ. ಬಹುತೇಕರು ಸೋಲುವುದು ಇಲ್ಲಿಯೇ: ಎಲ್ಲವನ್ನೂ ಒಂದೇ ಏಟಿಗೆ ನಿಲ್ಲಿಸುವ ಮೇನ್ ಸ್ವಿಚ್ ಎಲ್ಲೋ ಇದೆ ಎಂದು ಹುಡುಕುತ್ತಾರೆ. ಅಂಥದ್ದೊಂದು ಇಲ್ಲ. ಎಐ ನಾಲ್ಕು ಕಡೆ ಬೇರೆಬೇರೆಯಾಗಿ ಸೇರಿಕೊಂಡಿದೆ: ವಿಂಡೋಸ್‌ನಲ್ಲಿ, ಬ್ರೌಸರ್‌ನಲ್ಲಿ, ಒಂದೊಂದು ಆ್ಯಪ್‌ನಲ್ಲಿ, ಕೊನೆಗೆ ನಿಮ್ಮ ಗೂಗಲ್ ಮತ್ತು ಮೈಕ್ರೋಸಾಫ್ಟ್ ಖಾತೆಗಳಲ್ಲಿ. ಅದೇ ಕ್ರಮದಲ್ಲಿ ಹೋದರೆ ಸುಮಾರು ಒಂದು ಗಂಟೆಯ ಕೆಲಸ.

ಇನ್ನೊಂದು ವಿಷಯವನ್ನು ಮೊದಲೇ ಬೇರ್ಪಡಿಸಿಕೊಳ್ಳಿ. ಐಕಾನ್ ಮರೆಮಾಡುವುದು, ಸೌಲಭ್ಯವನ್ನು ಆಫ್ ಮಾಡುವುದು, ಪ್ರೋಗ್ರಾಮನ್ನೇ ಕಿತ್ತುಹಾಕುವುದು, ಇವು ಮೂರೂ ಬೇರೆ. ಟಾಸ್ಕ್‌ಬಾರ್‌ನಲ್ಲಿ ರೈಟ್ ಕ್ಲಿಕ್ ಮಾಡಿ ‘ಅನ್‌ಪಿನ್’ ಒತ್ತಿದರೆ ಐಕಾನ್ ಕಣ್ಮರೆಯಾಗುತ್ತದೆ, ಅಷ್ಟೇ. ಸೌಲಭ್ಯ ಮಾತ್ರ ಹಿನ್ನೆಲೆಯಲ್ಲಿ ಹಾಗೆಯೇ ಇರುತ್ತದೆ. ಕೆಳಗಿನ ಪ್ರತಿ ಹಂತದಲ್ಲೂ ಈ ಮೂರರಲ್ಲಿ ಯಾವುದು ನಡೆಯುತ್ತಿದೆ ಎಂದು ಗಮನಿಸುತ್ತಾ ಹೋಗಿ.

## ಶುರು ಮಾಡುವ ಮುನ್ನ ಬೇಕಾದದ್ದು

ಅಡ್ಮಿನಿಸ್ಟ್ರೇಟರ್ ಖಾತೆ. ವಿಂಡೋಸ್‌ನ ಸೌಲಭ್ಯಗಳನ್ನು ಕಿತ್ತುಹಾಕಲು ಮತ್ತು ರಿಜಿಸ್ಟ್ರಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ಭಂಡಾರ) ಕೆಲಸಕ್ಕೆ ಇದು ಬೇಕೇ ಬೇಕು. ಮನೆಯಲ್ಲಿ ಒಂದೇ ಕಂಪ್ಯೂಟರ್‌ಗೆ ಎರಡು ಮೂರು ಯೂಸರ್ ಖಾತೆಗಳಿದ್ದರೆ ಬಹುಪಾಲು ಸ್ವಿಚ್‌ಗಳು ಆಯಾ ಖಾತೆಗೆ ಮಾತ್ರ ಅನ್ವಯಿಸುತ್ತವೆ. ಅಪ್ಪನ ಖಾತೆಯಲ್ಲಿ ಆಫ್ ಮಾಡಿದ್ದು ಮಗಳ ಖಾತೆಯಲ್ಲಿ ಆನ್ ಆಗಿಯೇ ಇರುತ್ತದೆ.

ವಿಂಡೋಸ್ ಆವೃತ್ತಿ. ವಿಂಡೋಸ್ ಕೀ ಜತೆ ಆರ್ ಒತ್ತಿ, ಬರುವ ಪೆಟ್ಟಿಗೆಯಲ್ಲಿ ‘ವಿನ್‌ವರ್’ ಎಂದು ಇಂಗ್ಲಿಷ್‌ನಲ್ಲಿ ಟೈಪಿಸಿ ಎಂಟರ್ ಕೊಡಿ. 24ಎಚ್2 ಅಥವಾ 25ಎಚ್2 ಎಂದಿದ್ದರೆ ಈ ಲೇಖನದ ಮೆನುಗಳು ಹೆಚ್ಚುಕಡಿಮೆ ಹಾಗೆಯೇ ಸಿಗುತ್ತವೆ.

ರಿಸ್ಟೋರ್ ಪಾಯಿಂಟ್. ಏನಾದರೂ ಕೆಟ್ಟರೆ ಕಂಪ್ಯೂಟರನ್ನು ಈಗಿನ ಸ್ಥಿತಿಗೆ ಮರಳಿಸಲು ಇದು ಬೇಕು. ಸ್ಟಾರ್ಟ್‌ನಲ್ಲಿ ‘ಕ್ರಿಯೇಟ್ ಎ ರಿಸ್ಟೋರ್ ಪಾಯಿಂಟ್’ ಎಂದು ಹುಡುಕಿ ತೆರೆಯಿರಿ. ಸಿ ಡ್ರೈವ್ ಎದುರು ‘ಆಫ್’ ಎಂದಿದ್ದರೆ ಮೊದಲು ‘ಕಾನ್ಫಿಗರ್’ ಒತ್ತಿ ಪ್ರೊಟೆಕ್ಷನ್ ಆನ್ ಮಾಡಿ, ಆಮೇಲೆ ‘ಕ್ರಿಯೇಟ್’. ಆಫ್ ಇದ್ದಾಗ ಕ್ರಿಯೇಟ್ ಬಟನ್ ಮಂಕಾಗಿರುತ್ತದೆ. ಅದನ್ನು ನೋಡಿ ಈ ಹೆಜ್ಜೆಯನ್ನೇ ಕೈಬಿಡುವವರು ಬಹಳ.

ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ. ಅದರ ನಿಯಮಗಳನ್ನು ಕಂಪನಿಯ ಐಟಿ ವಿಭಾಗ ದೂರದಿಂದ ನಿಗದಿ ಮಾಡುತ್ತದೆ. ನೀವು ಬದಲಿಸಿದ್ದು ಹಿಂದಿರುಗಬಹುದು, ಕೆಲವು ಕಡೆ ಅದಕ್ಕೆ ವಿವರಣೆಯನ್ನೂ ಕೇಳುತ್ತಾರೆ.

## ಹಂತ 1: ಮೊದಲು ಅಪ್‌ಡೇಟ್, ಆಮೇಲೆ ಉಳಿದದ್ದು

ಸೆಟ್ಟಿಂಗ್ಸ್ > ವಿಂಡೋಸ್ ಅಪ್‌ಡೇಟ್‌ಗೆ ಹೋಗಿ ಬಾಕಿ ಇರುವುದೆಲ್ಲವನ್ನೂ ಹಾಕಿಕೊಂಡು ರೀಸ್ಟಾರ್ಟ್ ಮಾಡಿ. ನಂತರ ಮೈಕ್ರೋಸಾಫ್ಟ್ ಸ್ಟೋರ್ ತೆರೆದು ಆ್ಯಪ್‌ಗಳನ್ನೂ ಅಪ್‌ಡೇಟ್ ಮಾಡಿ. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್‌ಗೂ ಇದೇ ಮಾತು.

ಬೇಡದ್ದನ್ನು ತೆಗೆಯಲು ಕೂತವರಿಗೆ ಇದು ತಲೆಕೆಳಗಾದ ಸಲಹೆ ಅನ್ನಿಸಬಹುದು. ಆದರೆ ಆಫ್ ಮಾಡುವ ಸ್ವಿಚ್‌ಗಳೇ ಹೊಸ ಆವೃತ್ತಿಗಳಲ್ಲಿ ಬಂದಿವೆ. ನೋಟ್‌ಪ್ಯಾಡ್‌ನ ಸ್ವಿಚ್, ವರ್ಡ್‌ನ ಟಿಕ್ ಪೆಟ್ಟಿಗೆ, ಫೈರ್‌ಫಾಕ್ಸ್‌ನ ಎಐ ಪುಟ, ಹಳೆಯ ಆವೃತ್ತಿಯಲ್ಲಿ ಇವು ಯಾವುವೂ ಇಲ್ಲ. ಜತೆಗೆ, ಆಫ್ ಮಾಡಿದ ಮೇಲೆ ದೊಡ್ಡ ಅಪ್‌ಡೇಟ್ ಹಾಕಿಕೊಂಡರೆ ಹೊಸ ಐಕಾನ್‌ಗಳು ಬಂದು ಕೂರುತ್ತವೆ, ಮಾಡಿದ್ದನ್ನೇ ಮತ್ತೆ ಮಾಡಬೇಕಾಗುತ್ತದೆ.

## ಹಂತ 2: ಕೋಪೈಲಟ್ ಆ್ಯಪ್ ಮತ್ತು ಅದರ ಕೀಲಿ

ಸೆಟ್ಟಿಂಗ್ಸ್ > ಆ್ಯಪ್ಸ್ > ಇನ್‌ಸ್ಟಾಲ್ಡ್ ಆ್ಯಪ್ಸ್ ತೆರೆದು ಹುಡುಕು ಪೆಟ್ಟಿಗೆಯಲ್ಲಿ ‘ಕೋಪೈಲಟ್’ ಎಂದು ಟೈಪಿಸಿ. ಸಾಮಾನ್ಯವಾಗಿ ಎರಡು ಹೆಸರು ಸಿಗುತ್ತವೆ.

1. ಕೋಪೈಲಟ್ ಎಂದಷ್ಟೇ ಇರುವುದು ಚಾಟ್ ಆ್ಯಪ್. ಬಲಗಡೆಯ ಮೂರು ಚುಕ್ಕಿ ಒತ್ತಿ ಅನ್‌ಇನ್‌ಸ್ಟಾಲ್ ಮಾಡಿ.
2. ಮೈಕ್ರೋಸಾಫ್ಟ್ 365 ಕೋಪೈಲಟ್ ಎಂಬುದು ಹಿಂದೆ ‘ಆಫೀಸ್’ ಎಂಬ ಹೆಸರಿನಲ್ಲಿದ್ದ ಆ್ಯಪ್. ಕಡತಗಳನ್ನು ಪಟ್ಟಿ ಮಾಡಿ ತೋರಿಸುವ ಒಂದು ಬಾಗಿಲು ಮಾತ್ರ. ಇದನ್ನು ತೆಗೆದರೆ ವರ್ಡ್, ಎಕ್ಸೆಲ್ ಎಲ್ಲೂ ಹೋಗುವುದಿಲ್ಲ.

ಆದರೆ ‘ಮೈಕ್ರೋಸಾಫ್ಟ್ 365’ ಎಂದು ಹುಡುಕಿದರೆ ಇನ್ನೊಂದು ಸಾಲು ಸಿಗುತ್ತದೆ: ಹೆಸರಿನ ಕೊನೆಯಲ್ಲಿ ‘ಇಎನ್-ಯುಎಸ್’ ಎಂಬಂಥ ಭಾಷಾ ಗುರುತು, ಎದುರಿಗೆ ಜಿಬಿ ಲೆಕ್ಕದ ಗಾತ್ರ. ಅದೇ ನಿಜವಾದ ಆಫೀಸ್. ಅದನ್ನು ಮುಟ್ಟಬೇಡಿ. ಈ ಎರಡು ಹೆಸರುಗಳ ಗೊಂದಲದಲ್ಲಿ ವರ್ಡ್ ಅನ್ನೇ ಕಳೆದುಕೊಂಡವರಿದ್ದಾರೆ.

ವಿಂಡೋಸ್ 10ರಲ್ಲೂ ಕೋಪೈಲಟ್ ಆ್ಯಪ್ ತೆಗೆಯುವ ವಿಧಾನ ಇದೇ. ಆದರೆ 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿದಿದೆ. ಆ ಕಂಪ್ಯೂಟರ್‌ಗೆ ಭದ್ರತಾ ಅಪ್‌ಡೇಟ್ ಬರುತ್ತಿದೆಯೇ ಎಂಬುದು ಎಐಗಿಂತ ಮೊದಲು ನೋಡಬೇಕಾದ ವಿಷಯ. ಅಂದಹಾಗೆ, 2025ರ ಮಾರ್ಚ್ ತಿಂಗಳ ವಿಂಡೋಸ್ ಅಪ್‌ಡೇಟ್ ದೋಷದಿಂದ ಕೆಲವರ ಕಂಪ್ಯೂಟರ್‌ನಲ್ಲಿ ಕೋಪೈಲಟ್ ತಾನಾಗಿಯೇ ಅಳಿಸಿಹೋಗಿತ್ತು. ಮೈಕ್ರೋಸಾಫ್ಟ್ ಅದನ್ನು ಕೂಡಲೇ ‘ಸರಿಪಡಿಸಿತು’.

ಹೊಸ ಲ್ಯಾಪ್‌ಟಾಪ್‌ನ ಕೀಬೋರ್ಡ್‌ನಲ್ಲಿ ಕೋಪೈಲಟ್ ಕೀಲಿಯೇ ಇದ್ದರೆ, ಆ್ಯಪ್ ತೆಗೆದ ಮೇಲೂ ಅದು ಕೈತಪ್ಪಿ ಒತ್ತಿಹೋಗಿ ಏನೋ ಒಂದನ್ನು ತೆರೆಯುತ್ತದೆ. ಸೆಟ್ಟಿಂಗ್ಸ್ > ಪರ್ಸನಲೈಸೇಶನ್ > ಟೆಕ್ಸ್ಟ್ ಇನ್‌ಪುಟ್‌ನಲ್ಲಿ ‘ಕಸ್ಟಮೈಸ್ ಕೋಪೈಲಟ್ ಕೀ’ ಎಂಬ ಆಯ್ಕೆಯನ್ನು ‘ಸರ್ಚ್’ಗೆ ಬದಲಿಸಿ. ಅಲ್ಲಿ ಕಾಣದಿದ್ದರೆ ಬ್ಲೂಟೂತ್ ಅಂಡ್ ಡಿವೈಸಸ್ > ಕೀಬೋರ್ಡ್‌ನಲ್ಲಿ ನೋಡಿ. ಹಲವು ಮಾದರಿಗಳಲ್ಲಿ ಈ ಕೀಲಿ ಬಲಗಡೆಯ ಕಂಟ್ರೋಲ್ ಕೀಲಿಯ ಜಾಗ ನುಂಗಿದೆ. ಕಂಟ್ರೋಲ್ ಆಗಿಯೇ ಬೇಕೆಂದರೆ ಮೈಕ್ರೋಸಾಫ್ಟ್‌ನದೇ ಪವರ್‌ಟಾಯ್ಸ್ ಎಂಬ ಸಾಧನ ಹಾಕಿಕೊಂಡು, ಕೀಬೋರ್ಡ್ ಮ್ಯಾನೇಜರ್‌ನ ಶಾರ್ಟ್‌ಕಟ್ ವಿಭಾಗದಲ್ಲಿ ಬದಲಿಸಬೇಕು. ಒಂಟಿ ಕೀಲಿಗಳ ವಿಭಾಗದಲ್ಲಿ ಹುಡುಕಿದರೆ ಸಿಗುವುದಿಲ್ಲ; ಏಕೆಂದರೆ ಅದು ಒಳಗೆ ಕಳಿಸುವುದು ಎಡ ಶಿಫ್ಟ್, ವಿಂಡೋಸ್ ಕೀ, ಎಫ್23 ಎಂಬ ಮೂರರ ಜೋಡಣೆಯನ್ನು.

## ಹಂತ 3: ರೀಕಾಲ್ ಮತ್ತು ಕ್ಲಿಕ್ ಟು ಡೂ

ಪರದೆಯ ಚಿತ್ರಗಳನ್ನು ಆಗಾಗ ತೆಗೆದಿಟ್ಟು, ಆಮೇಲೆ ಹುಡುಕಲು ಕೊಡುವ ರೀಕಾಲ್ ಬಗ್ಗೆ ಭಯ ಹೆಚ್ಚು, ಆದರೆ ಅದು ಎಲ್ಲ ಕಂಪ್ಯೂಟರ್‌ಗಳಲ್ಲೂ ಇಲ್ಲ. ‘ಕೋಪೈಲಟ್ ಪ್ಲಸ್ ಪಿಸಿ’ ಎಂಬ ವರ್ಗದಲ್ಲಿ ಮಾತ್ರ ಕೆಲಸ ಮಾಡುತ್ತದೆ; ಅದಕ್ಕೆ ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕಾಚಾರ ಮಾಡುವ ಎನ್‌ಪಿಯು (ಎಐ ಕೆಲಸಕ್ಕೆಂದೇ ಇರುವ) ಚಿಪ್, 16 ಜಿಬಿ ರ್‍ಯಾಮ್, 256 ಜಿಬಿ ಸ್ಟೋರೇಜ್ ಇರಲೇಬೇಕು. ಐದಾರು ವರ್ಷ ಹಳೆಯ ಐ3, ಐ5 ಯಂತ್ರಗಳಿಗೆ ಈ ಹಂತ ಬೇಡ. ಸೆಟ್ಟಿಂಗ್ಸ್ > ಪ್ರೈವಸಿ ಅಂಡ್ ಸೆಕ್ಯೂರಿಟಿ ಪುಟದಲ್ಲಿ ‘ರೀಕಾಲ್ ಅಂಡ್ ಸ್ನ್ಯಾಪ್‌ಶಾಟ್ಸ್’ ಎಂಬ ಸಾಲು ಇಲ್ಲದಿದ್ದರೆ ನೇರ ಹಂತ 4ಕ್ಕೆ ಹೋಗಿ.

ಇದ್ದರೆ, ಕ್ರಮ ಹೀಗಿರಲಿ:

1. ಆ ಪುಟದಲ್ಲಿ ಮೊದಲು ‘ಡಿಲೀಟ್ ಸ್ನ್ಯಾಪ್‌ಶಾಟ್ಸ್’ ತೆರೆದು ‘ಡಿಲೀಟ್ ಆಲ್’ ಒತ್ತಿ.
2. ಆಮೇಲೆ ‘ಸೇವ್ ಸ್ನ್ಯಾಪ್‌ಶಾಟ್ಸ್’ ಸ್ವಿಚ್ ಆಫ್ ಮಾಡಿ.
3. ಸ್ಟಾರ್ಟ್‌ನಲ್ಲಿ ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ಎಂದು ಹುಡುಕಿ, ಪಟ್ಟಿಯಲ್ಲಿ ‘ರೀಕಾಲ್’ ಎದುರಿನ ಟಿಕ್ ತೆಗೆದು ಓಕೆ ಕೊಡಿ, ರೀಸ್ಟಾರ್ಟ್ ಮಾಡಿ.

ಎರಡನೆಯದನ್ನು ಮಾತ್ರ ಮಾಡಿದರೆ ಹೊಸ ಚಿತ್ರ ಸೇರುವುದು ನಿಲ್ಲುತ್ತದೆ, ಹಳೆಯವು ಡಿಸ್ಕ್‌ನಲ್ಲೇ ಉಳಿದಿರುತ್ತವೆ. 256 ಜಿಬಿ ಡಿಸ್ಕ್‌ನಲ್ಲಿ ಅವುಗಳಿಗೆ 25 ಜಿಬಿವರೆಗೆ, 512ರಲ್ಲಿ 75 ಜಿಬಿವರೆಗೆ ಜಾಗ ಮೀಸಲಾಗಿರುತ್ತದೆ. ಮೂರನೆಯದು ಕಿತ್ತುಹಾಕುವ ಕೆಲಸ. ಕಂಪ್ಯೂಟರ್‌ನ ಎಲ್ಲ ಖಾತೆಗಳಿಗೂ ಅನ್ವಯ.

ಅದೇ ಪ್ರೈವಸಿ ಪುಟದಲ್ಲಿ ‘ಕ್ಲಿಕ್ ಟು ಡೂ’ ಎಂಬ ಸ್ವಿಚ್ ಬೇರೆಯಾಗಿದೆ. ವಿಂಡೋಸ್ ಕೀ ಹಿಡಿದು ಮೌಸ್ ಕ್ಲಿಕ್ ಮಾಡಿದಾಗ ಪರದೆಯ ಬರಹ, ಚಿತ್ರಗಳ ಮೇಲೆ ತೇಲುವ ಮೆನು ತರುವುದು ಇದೇ. ರೀಕಾಲ್ ಆಫ್ ಆದರೂ ಇದು ಆಫ್ ಆಗುವುದಿಲ್ಲ.

## ಹಂತ 4: ವಿಂಡೋಸ್‌ನ ಉಳಿದ ಮೂಲೆಗಳು

ಇವು ಸಣ್ಣವು, ಬೇಗ ಮುಗಿಯುತ್ತವೆ.

ಪ್ರೈವಸಿ ಅಂಡ್ ಸೆಕ್ಯೂರಿಟಿ > ‘ಟೆಕ್ಸ್ಟ್ ಅಂಡ್ ಇಮೇಜ್ ಜನರೇಶನ್’ ಇದ್ದರೆ ಆಫ್ ಮಾಡಿ. ಇದು ವಿಂಡೋಸ್ ಒಳಗಿನ ಎಐ ಮಾಡೆಲ್‌ಗಳನ್ನು (ಬರಹ, ಚಿತ್ರ ಸೃಷ್ಟಿಸುವ ತಂತ್ರಾಂಶಗಳನ್ನು) ಆ್ಯಪ್‌ಗಳು ಬಳಸದಂತೆ ತಡೆಯುತ್ತದೆ. ಇಂಟರ್ನೆಟ್ ಮೂಲಕ ನಡೆಯುವ ಎಐಗೂ ಇದಕ್ಕೂ ಸಂಬಂಧವಿಲ್ಲ, ಹಾಗಾಗಿ ಈ ಒಂದೇ ಸ್ವಿಚ್ ನೆಚ್ಚಿಕೊಳ್ಳಬೇಡಿ.

ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿದಾಗ ‘ಎಐ ಆ್ಯಕ್ಷನ್ಸ್’ ಬರುತ್ತಿದ್ದರೆ ಸೆಟ್ಟಿಂಗ್ಸ್ > ಆ್ಯಪ್ಸ್ > ಆ್ಯಕ್ಷನ್ಸ್‌ಗೆ ಹೋಗಿ ಅಲ್ಲಿರುವ ಆ್ಯಪ್‌ಗಳನ್ನು ಒಂದೊಂದಾಗಿ ಆಫ್ ಮಾಡಿ.

ನೋಟ್‌ಪ್ಯಾಡ್ ತೆರೆದು ಬಲ ಮೂಲೆಯ ಗೇರ್ ಒತ್ತಿ, ‘ಎಐ ಫೀಚರ್ಸ್’ ಕೆಳಗಿನ ಕೋಪೈಲಟ್ ಸ್ವಿಚ್ ಆಫ್ ಮಾಡಿ. ಪೇಂಟ್‌ನ ಕೋಪೈಲಟ್ ಬಟನ್ ನೀವು ಒತ್ತುವವರೆಗೆ ಚಿತ್ರದ ಮೇಲೆ ಏನೂ ಮಾಡುವುದಿಲ್ಲ. ಅದಕ್ಕಾಗಿ ತಲೆಕೆಡಿಸಿಕೊಳ್ಳುವುದು ಬೇಡ.

ಸೆಟ್ಟಿಂಗ್ಸ್ > ಸಿಸ್ಟಮ್ > ನೋಟಿಫಿಕೇಶನ್ಸ್ ಪುಟದ ತಳದಲ್ಲಿ ‘ಅಡಿಶನಲ್ ಸೆಟ್ಟಿಂಗ್ಸ್’ ತೆರೆದು ಅಲ್ಲಿರುವ ಸಲಹೆ, ಸ್ವಾಗತ ಸಂಬಂಧಿ ಟಿಕ್‌ಗಳನ್ನೆಲ್ಲ ತೆಗೆಯಿರಿ. ತೆಗೆದುಹಾಕಿದ್ದನ್ನೇ ‘ಮತ್ತೆ ಬಳಸಿ ನೋಡಿ’ ಎಂದು ನೆನಪಿಸುವುದು ಇವುಗಳ ಕೆಲಸ.

## ಹಂತ 5: ಬ್ರೌಸರ್‌ಗಳು

ಮನೆ ಕಂಪ್ಯೂಟರ್‌ನಲ್ಲಿ ಎಐ ಹೆಚ್ಚು ಎದುರಾಗುವುದು ಬ್ರೌಸರ್‌ನಲ್ಲಿ. ಇಲ್ಲಿ ಅವಸರ ಬೇಡ.

### ಎಡ್ಜ್

ಮೂರು ಚುಕ್ಕಿ > ಸೆಟ್ಟಿಂಗ್ಸ್ ತೆರೆದು, ಪುಟದ ಒಳಗಿನ ಹುಡುಕು ಪೆಟ್ಟಿಗೆಯಲ್ಲಿ ‘ಕೋಪೈಲಟ್’ ಎಂದು ಟೈಪಿಸಿ. ಎಡ್ಜ್‌ನ ಮೆನುಗಳು ಆಗಾಗ ಜಾಗ ಬದಲಿಸುವುದರಿಂದ ದಾರಿ ನೆನಪಿಟ್ಟುಕೊಳ್ಳುವುದಕ್ಕಿಂತ ಹೀಗೆ ಹುಡುಕುವುದೇ ಮೇಲು. ಬಂದ ಫಲಿತಾಂಶಗಳಲ್ಲಿ ಟೂಲ್‌ಬಾರ್‌ನ ಕೋಪೈಲಟ್ ಬಟನ್, ಕೋಪೈಲಟ್ ಮೋಡ್, ಹೊಸ ಟ್ಯಾಬ್‌ಗೆ ಸಂಬಂಧಿಸಿದ ಸ್ವಿಚ್‌ಗಳನ್ನು ಆಫ್ ಮಾಡಿ. ನಂತರ ‘ಕಂಪೋಸ್’ ಎಂದು ಇನ್ನೊಮ್ಮೆ ಹುಡುಕಿ. ವೆಬ್‌ಸೈಟ್‌ಗಳಲ್ಲಿ ಬರೆಯುವಾಗ ಇಣುಕುವ ಬರವಣಿಗೆ ಸಹಾಯಕ ಅದು; ಅದರ ಹೆಸರಿನಲ್ಲಿ ಕೋಪೈಲಟ್ ಇಲ್ಲದ್ದರಿಂದ ಮೊದಲ ಹುಡುಕಾಟದಲ್ಲಿ ತಪ್ಪಿಸಿಕೊಳ್ಳುತ್ತದೆ.

ಎಡ್ಜ್ ಬಳಸುವುದೇ ಇಲ್ಲ ಎನ್ನುವವರೂ ಇದನ್ನು ಮಾಡಿ. ಸ್ಟಾರ್ಟ್ ಮೆನು ಹುಡುಕಾಟದ ವೆಬ್ ಫಲಿತಾಂಶ ಒತ್ತಿದರೆ ತೆರೆಯುವುದು ಎಡ್ಜ್ ತಾನೆ.

### ಕ್ರೋಮ್

ಸೆಟ್ಟಿಂಗ್ಸ್‌ನ ಎಡಪಟ್ಟಿಯಲ್ಲಿ ‘ಎಐ ಇನ್ನೊವೇಶನ್ಸ್’ ಇದ್ದರೆ ತೆರೆದು ಒಳಗಿನ ಒಂದೊಂದು ಸಾಲನ್ನೂ ಆಫ್ ಮಾಡಿ: ಕ್ರೋಮ್‌ನ ಜೆಮಿನಿ (ಗೂಗಲ್‌ನ ಎಐ ಸಹಾಯಕ), ಹಿಸ್ಟರಿ ಹುಡುಕಾಟ, ‘ಹೆಲ್ಪ್ ಮಿ ರೈಟ್’ ಇತ್ಯಾದಿ. ದೇಶ, ಖಾತೆ, ವಯಸ್ಸಿಗೆ ತಕ್ಕಂತೆ ಪಟ್ಟಿ ಬದಲಾಗುತ್ತದೆ. ಮೇಲಿನ ಜೆಮಿನಿ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಅನ್‌ಪಿನ್’ ಒತ್ತಿದರೆ ಅದು ಬರೀ ಮರೆಮಾಡಿದಂತೆ.

ಇನ್ನೊಂದು ಕಣ್ಣಿಗೆ ಕಾಣದ್ದು. ‘ಸಿ ಡ್ರೈವ್‌ನಲ್ಲಿ ಇದ್ದಕ್ಕಿದ್ದಂತೆ 4 ಜಿಬಿ ಕಡಿಮೆಯಾಗಿದೆ’ ಎಂಬ ದೂರಿಗೆ ಹಲವು ಸಲ ಕಾರಣ ಕ್ರೋಮ್. ಜೆಮಿನಿ ನ್ಯಾನೊ ಎಂಬ ಮಾಡೆಲ್ ಅನ್ನು ಕ್ರೋಮ್ ನಿಮ್ಮ ಕಂಪ್ಯೂಟರ್‌ಗೇ ಇಳಿಸಿಕೊಂಡಿರುತ್ತದೆ. ಯೂಸರ್ ಫೋಲ್ಡರ್ > ಆ್ಯಪ್‌ಡೇಟಾ > ಲೋಕಲ್ > ಗೂಗಲ್ > ಕ್ರೋಮ್ > ಯೂಸರ್ ಡೇಟಾ ಒಳಗೆ ‘ಆಪ್ಟ್ ಗೈಡ್ ಆನ್ ಡಿವೈಸ್ ಮಾಡೆಲ್’ ಎಂಬ, ಪದಗಳ ನಡುವೆ ಜಾಗವಿಲ್ಲದ ಹೆಸರಿನ ಫೋಲ್ಡರ್ ನೋಡಿ. ಅದರೊಳಗೆ ‘ವೇಟ್ಸ್’ ಎಂಬ ದೊಡ್ಡ ಫೈಲ್ ಇರುತ್ತದೆ. ಆ್ಯಪ್‌ಡೇಟಾ ಕಾಣದಿದ್ದರೆ ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ > ಶೋ ಕೆಳಗೆ ‘ಹಿಡನ್ ಐಟಮ್ಸ್’ ಟಿಕ್ ಮಾಡಿ.

ಸಿಕ್ಕಿತೆಂದು ಕೂಡಲೇ ಡಿಲೀಟ್ ಮಾಡಬೇಡಿ. ಡಿಲೀಟ್ ಮಾಡಿದರೆ ಕ್ರೋಮ್ ಅದನ್ನು ಮತ್ತೆ ಇಳಿಸಿಕೊಳ್ಳುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕಂಪ್ಯೂಟರ್ ನಡೆಸುವವರ ಡೇಟಾಕ್ಕೆ ಇದು ಎರಡನೇ ಹೊಡೆತ. ಮೊದಲು ಸೆಟ್ಟಿಂಗ್ಸ್ > ಸಿಸ್ಟಮ್ ಪುಟದಲ್ಲಿ ‘ಆನ್-ಡಿವೈಸ್ ಎಐ’ ಸ್ವಿಚ್ ಇದೆಯೇ ನೋಡಿ, ಇದ್ದರೆ ಆಫ್ ಮಾಡಿ. ಮಾಡೆಲ್ ಅನ್ನು ಕ್ರೋಮ್ ತಾನೇ ಅಳಿಸುತ್ತದೆ. ಆ ಸ್ವಿಚ್ ಇಲ್ಲದವರು ಹಂತ 8ರ ರಿಜಿಸ್ಟ್ರಿ ವಿಧಾನ ಮಾಡಿ, ಆಮೇಲೆ ಫೋಲ್ಡರ್ ನೋಡಿಕೊಳ್ಳಿ. ‘ಫ್ಲ್ಯಾಗ್ಸ್’ ಪುಟದಲ್ಲಿ ಡಿಸೇಬಲ್ ಮಾಡುವ ಉಪಾಯ ಹೆಚ್ಚು ದಿನ ಬಾಳುವುದಿಲ್ಲ. ಫ್ಲ್ಯಾಗ್‌ಗಳು ಪ್ರಯೋಗಕ್ಕಿಟ್ಟವು, ಆವೃತ್ತಿ ಬದಲಾದಂತೆ ಮಾಯವಾಗುತ್ತವೆ.

### ಗೂಗಲ್ ಹುಡುಕಾಟದ ಎಐ ಸಾರಾಂಶ

ಗೂಗಲ್ ಫಲಿತಾಂಶದ ತಲೆಯ ಮೇಲೆ ಬರುವ ಎಐ ಓವರ್‌ವ್ಯೂಗೆ ಗೂಗಲ್ ಆಫ್ ಸ್ವಿಚ್ ಕೊಟ್ಟಿಲ್ಲ. ಫಲಿತಾಂಶ ಪುಟದ ‘ವೆಬ್’ ಟ್ಯಾಬ್ ಒತ್ತಿದರೆ ಹಳೆಯ ಶೈಲಿಯ ಕೊಂಡಿಗಳಷ್ಟೇ ಬರುತ್ತವೆ. ಪ್ರತಿ ಸಲ ಒತ್ತುವ ಬದಲು ಅದನ್ನೇ ಡಿಫಾಲ್ಟ್ ಮಾಡಿಕೊಳ್ಳಬಹುದು:

1. ಕ್ರೋಮ್ ಸೆಟ್ಟಿಂಗ್ಸ್ > ಸರ್ಚ್ ಎಂಜಿನ್ > ‘ಮ್ಯಾನೇಜ್ ಸರ್ಚ್ ಎಂಜಿನ್ಸ್ ಅಂಡ್ ಸೈಟ್ ಸರ್ಚ್’ ತೆರೆಯಿರಿ.
2. ಬೇರೊಂದು ಟ್ಯಾಬ್‌ನಲ್ಲಿ ಗೂಗಲ್‌ನಲ್ಲಿ ಒಂದು ಪದ ಹುಡುಕಿ, ‘ವೆಬ್’ ಒತ್ತಿ. ವಿಳಾಸ ಪಟ್ಟಿಯಲ್ಲಿ ‘ಯುಡಿಎಂ’ ಎಂಬ ಮೂರು ಸಣ್ಣಕ್ಷರ, ಸಮ ಚಿಹ್ನೆ, 14 ಎಂಬ ಅಂಕಿ ಕಾಣಿಸುತ್ತದೆ.
3. ‘ಸೈಟ್ ಸರ್ಚ್’ ಎದುರಿನ ‘ಆ್ಯಡ್’ ಒತ್ತಿ. ಹೆಸರು, ಶಾರ್ಟ್‌ಕಟ್ ಇಷ್ಟ ಬಂದದ್ದು ಕೊಡಿ. ವಿಳಾಸದ ಜಾಗದಲ್ಲಿ ಗೂಗಲ್ ಸರ್ಚ್ ವಿಳಾಸ, ಪ್ರಶ್ನೆಯ ಜಾಗಕ್ಕೆ ಶೇಕಡಾ ಚಿಹ್ನೆ ಮತ್ತು ಸಣ್ಣಕ್ಷರದ ಎಸ್, ಕೊನೆಗೆ ಆ್ಯಂಪರ್‌ಸ್ಯಾಂಡ್ (&) ಚಿಹ್ನೆಯ ಜತೆ ಯುಡಿಎಂ=14 ಉಳಿಸಿ, ನಡುವಿನ ಉದ್ದನೆಯ ಅಕ್ಷರಮಾಲೆಯನ್ನೆಲ್ಲ ಅಳಿಸಿ.
4. ಸೇವ್ ಮಾಡಿ, ಹೊಸ ಸಾಲಿನ ಮೂರು ಚುಕ್ಕಿಯಲ್ಲಿ ‘ಮೇಕ್ ಡಿಫಾಲ್ಟ್’ ಒತ್ತಿ.

ಏನೇ ಹುಡುಕಿದರೂ ಒಂದೇ ಫಲಿತಾಂಶ ಬರುತ್ತಿದೆ ಎಂದರೆ ಶೇಕಡಾ ಚಿಹ್ನೆಯ ಜಾಗದಲ್ಲಿ ನೀವು ಹುಡುಕಿದ್ದ ಪದವೇ ಉಳಿದಿದೆ. ಹವಾಮಾನ, ಕ್ರಿಕೆಟ್ ಸ್ಕೋರ್ ಪೆಟ್ಟಿಗೆಗಳೂ ಈ ವಿಧಾನದಲ್ಲಿ ಹೋಗುತ್ತವೆ ಎಂಬುದು ತಿಳಿದಿರಲಿ.

### ಫೈರ್‌ಫಾಕ್ಸ್

ಈ ವಿಷಯದಲ್ಲಿ ಎಲ್ಲರಿಗಿಂತ ಅಚ್ಚುಕಟ್ಟು ಫೈರ್‌ಫಾಕ್ಸ್. 2026ರ ಫೆಬ್ರುವರಿಯಲ್ಲಿ ಬಂದ 148ನೇ ಆವೃತ್ತಿಯಿಂದ ಸೆಟ್ಟಿಂಗ್ಸ್‌ನಲ್ಲಿ ‘ಎಐ ಕಂಟ್ರೋಲ್ಸ್’ ಪುಟವಿದೆ. ‘ಬ್ಲಾಕ್ ಎಐ ಎನ್‌ಹಾನ್ಸ್‌ಮೆಂಟ್ಸ್’ ಆನ್ ಮಾಡಿದರೆ ಈಗಿನವೂ ಮುಂದೆ ಬರುವವೂ ನಿಲ್ಲುತ್ತವೆ. ಎಚ್ಚರ ಒಂದೇ: ಪುಟಗಳ ಅನುವಾದವೂ ಈ ಪಟ್ಟಿಯೊಳಗಿದೆ. ಅದು ಬೇಕಿದ್ದರೆ ಅದೊಂದನ್ನು ಮಾತ್ರ ಮತ್ತೆ ಆನ್ ಮಾಡಿಕೊಳ್ಳಿ.

## ಹಂತ 6: ಆಫೀಸ್ ಮತ್ತು ಪಿಡಿಎಫ್

ವರ್ಡ್‌ನಲ್ಲಿ ಫೈಲ್ > ಆಪ್ಶನ್ಸ್ > ಕೋಪೈಲಟ್ ತೆರೆದು ‘ಎನೇಬಲ್ ಕೋಪೈಲಟ್’ ಟಿಕ್ ತೆಗೆಯಿರಿ, ಓಕೆ ಕೊಟ್ಟು ವರ್ಡ್ ಮುಚ್ಚಿ ಮತ್ತೆ ತೆರೆಯಿರಿ. ಎಕ್ಸೆಲ್, ಪವರ್‌ಪಾಯಿಂಟ್, ಒನ್‌ನೋಟ್‌ನಲ್ಲಿ ಪ್ರತ್ಯೇಕವಾಗಿ ಇದನ್ನೇ ಮಾಡಬೇಕು. ಎರಡು ಕಂಪ್ಯೂಟರ್ ಇದ್ದರೆ ಎರಡರಲ್ಲೂ. ಔಟ್‌ಲುಕ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಕೋಪೈಲಟ್ ಸ್ವಿಚ್ ಇದೆ. ಆಪ್ಶನ್ಸ್ ಪಟ್ಟಿಯಲ್ಲಿ ಕೋಪೈಲಟ್ ಸಾಲೇ ಇಲ್ಲದಿದ್ದರೆ ನಿಮ್ಮ ಆಫೀಸ್ ಹಳೆಯ ಆವೃತ್ತಿಯದು, ಇಲ್ಲವೇ ನಿಮ್ಮ ಯೋಜನೆಯಲ್ಲಿ ಕೋಪೈಲಟ್ ಸೇರಿಲ್ಲ.

ಫೈಲ್ > ಅಕೌಂಟ್ > ಮ್ಯಾನೇಜ್ ಸೆಟ್ಟಿಂಗ್ಸ್‌ನಲ್ಲಿ ‘ಕಂಟೆಂಟ್ ವಿಶ್ಲೇಷಿಸುವ ಸೌಲಭ್ಯಗಳು’ ಎಂಬರ್ಥದ ಟಿಕ್ ತೆಗೆದರೆ ಒಂದೇ ಸಲಕ್ಕೆ ಎಲ್ಲ ಮುಗಿಯುತ್ತದೆ ಎಂಬ ಸಲಹೆಯೂ ಓಡಾಡುತ್ತಿದೆ. ಮುಗಿಯುವುದು ನಿಜ, ಆದರೆ ಅದರ ಜತೆ ಮಾತು ಕೇಳಿ ಬರೆಯುವ ಡಿಕ್ಟೇಟ್, ಇಂಗ್ಲಿಷ್‌ನಿಂದ ಕನ್ನಡಕ್ಕೆ ತಿರುಗಿಸುವ ಟ್ರಾನ್ಸ್‌ಲೇಟ್, ಸ್ಲೈಡ್‌ಗೆ ವಿನ್ಯಾಸ ಸೂಚಿಸುವ ಡಿಸೈನರ್ ಕೂಡ ಹೋಗುತ್ತವೆ. ಇವುಗಳಲ್ಲಿ ಒಂದನ್ನಾದರೂ ಬಳಸುವವರು ಟಿಕ್ ಪೆಟ್ಟಿಗೆ ದಾರಿಯಲ್ಲೇ ಹೋಗಿ.

ಬಳಸದ ಕೋಪೈಲಟ್‌ಗೆ ಹಣವನ್ನೂ ಏಕೆ ಕೊಡಬೇಕು? 2025ರ ಆರಂಭದಲ್ಲಿ ಮೈಕ್ರೋಸಾಫ್ಟ್ 365 ಪರ್ಸನಲ್, ಫ್ಯಾಮಿಲಿ ಯೋಜನೆಗಳಿಗೆ ಕೋಪೈಲಟ್ ಸೇರಿಸಿ ದರ ಏರಿಸಲಾಯಿತು. ಕೋಪೈಲಟ್ ಇಲ್ಲದ ‘ಕ್ಲಾಸಿಕ್’ ಯೋಜನೆ ಹಳೆಯ ಚಂದಾದಾರರಿಗೆ ಇದೆ, ಆದರೆ ಅದು ಎದುರಿಗೆ ಕಾಣುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯ ಸಬ್‌ಸ್ಕ್ರಿಪ್ಶನ್ ಪುಟದಲ್ಲಿ ‘ಕ್ಯಾನ್ಸಲ್’ ಒತ್ತಿ ಮುಂದಿನ ಪುಟಕ್ಕೆ ಹೋದಾಗ ಆಯ್ಕೆ ತೋರಿಸುತ್ತದೆ. ಕೊನೆಯ ದೃಢೀಕರಣ ಒತ್ತುವವರೆಗೆ ಏನೂ ರದ್ದಾಗುವುದಿಲ್ಲ, ಹೆದರಬೇಡಿ. ಹೀಗೆ ಅಡಗಿಸಿಟ್ಟದ್ದಕ್ಕೇ ಆಸ್ಟ್ರೇಲಿಯಾದ ಗ್ರಾಹಕ ಆಯೋಗ 2025ರ ಅಕ್ಟೋಬರ್‌ನಲ್ಲಿ ಕಂಪನಿಯ ಮೇಲೆ ಮೊಕದ್ದಮೆ ಹೂಡಿತು.

ಅಡೋಬಿ ರೀಡರ್‌ನಲ್ಲಿ ಪಿಡಿಎಫ್ ತೆರೆದಾಗಲೆಲ್ಲ ಎಐ ಅಸಿಸ್ಟೆಂಟ್ ಪಟ್ಟಿ ಬರುತ್ತಿದ್ದರೆ ಮೆನು > ಪ್ರಿಫರೆನ್ಸಸ್ > ‘ಜನರೇಟಿವ್ ಎಐ’ಗೆ ಹೋಗಿ ಎನೇಬಲ್ ಟಿಕ್ ತೆಗೆಯಿರಿ. ಪಹಣಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆಧಾರ್ ಪ್ರತಿಗಳನ್ನು ಇದರಲ್ಲೇ ತೆರೆಯುವವರು ಇದನ್ನು ಬಿಡಬಾರದು.

## ಹಂತ 7: ಖಾತೆಗಳು

ಇದು ಕಂಪ್ಯೂಟರ್‌ನೊಳಗಿಲ್ಲ, ಸರ್ವರ್‌ನಲ್ಲಿದೆ. ಒಮ್ಮೆ ಮಾಡಿದರೆ ಮೊಬೈಲ್‌ಗೂ ಅನ್ವಯಿಸುತ್ತದೆ.

ಜಿಮೇಲ್‌ನಲ್ಲಿ ಗೇರ್ > ಸೀ ಆಲ್ ಸೆಟ್ಟಿಂಗ್ಸ್ > ಜನರಲ್ ಪುಟದಲ್ಲಿ ‘ಸ್ಮಾರ್ಟ್ ಫೀಚರ್ಸ್’ ಟಿಕ್ ತೆಗೆಯಿರಿ. ಅದರ ಕೆಳಗೇ ‘ವರ್ಕ್‌ಸ್ಪೇಸ್ ಸ್ಮಾರ್ಟ್ ಫೀಚರ್ಸ್’ ಎಂಬ ಇನ್ನೊಂದಿದೆ. ಬಟನ್ ಒತ್ತಿ ಒಳಹೋದರೆ ಎರಡು ಸ್ವಿಚ್. ಹೊರಗಿನದನ್ನು ಮಾತ್ರ ತೆಗೆದು ಒಳಗಿನವನ್ನು ಬಿಟ್ಟರೆ ಅರ್ಧ ಕೆಲಸ. ಕೊನೆಗೆ ಪುಟದ ತಳದ ‘ಸೇವ್ ಚೇಂಜಸ್’ ಕೇಳಿದರೆ ಒತ್ತಿ.

ಇದಕ್ಕೊಂದು ಬೆಲೆಯಿದೆ. ಪ್ರೈಮರಿ, ಪ್ರೊಮೋಶನ್ಸ್, ಸೋಷಿಯಲ್ ಎಂಬ ವಿಭಾಗಗಳು ಹೋಗಿ ಎಲ್ಲ ಮೇಲ್ ಒಂದೇ ಪಟ್ಟಿಯಲ್ಲಿ ಸುರಿಯುತ್ತವೆ. ಬ್ಯಾಂಕ್ ಮೇಲ್ ನಡುವೆ ಸೀರೆ ಸೇಲ್ ಜಾಹೀರಾತು ಸೇರಿಕೊಳ್ಳುತ್ತದೆ. ದಿನಕ್ಕೆ ನೂರು ಜಾಹೀರಾತು ಬರುವ ಖಾತೆಯಾದರೆ ಮೊದಲು ಬೇಡದವಕ್ಕೆ ಅನ್‌ಸಬ್‌ಸ್ಕ್ರೈಬ್ ಮಾಡಿ, ಆಮೇಲೆ ಇದಕ್ಕೆ ಕೈ ಹಾಕಿ.

ಜೆಮಿನಿಯನ್ನು ಹಿಂದೆ ಬಳಸಿದ್ದರೆ ಗೂಗಲ್ ಖಾತೆಯ ಮೈ ಆ್ಯಕ್ಟಿವಿಟಿ ಪುಟದಲ್ಲಿ ಜೆಮಿನಿ ಚಟುವಟಿಕೆ ತೆರೆದು ‘ಟರ್ನ್ ಆಫ್ ಅಂಡ್ ಡಿಲೀಟ್’ ಆರಿಸಿ. ಸುಮ್ಮನೆ ಬಿಟ್ಟರೆ ಡಿಫಾಲ್ಟ್ ಆಗಿ 18 ತಿಂಗಳು ಉಳಿಯುತ್ತದೆ. ಆಫ್ ಮಾಡಿದ ಮೇಲೂ ಹೊಸ ಮಾತುಕತೆ 72 ಗಂಟೆ ಅವರ ಬಳಿ ಇರುತ್ತದೆ. ಕೋಪೈಲಟ್ ವೆಬ್‌ಸೈಟ್‌ಗೆ ಲಾಗಿನ್ ಆಗಿ ಪ್ರೊಫೈಲ್ > ಪ್ರೈವಸಿಯಲ್ಲಿ ಮಾಡೆಲ್ ತರಬೇತಿಗೆ ಸಂಬಂಧಿಸಿದ ಸ್ವಿಚ್‌ಗಳನ್ನೂ ಆಫ್ ಮಾಡಿ.

## ಹಂತ 8: ರಿಜಿಸ್ಟ್ರಿ, ಬೇಕಿದ್ದವರಿಗೆ ಮಾತ್ರ

ಮನೆ ಕಂಪ್ಯೂಟರ್‌ಗಳಲ್ಲಿ ಹೆಚ್ಚಾಗಿ ಇರುವ ವಿಂಡೋಸ್ ಹೋಮ್‌ನಲ್ಲಿ ಇಂಥ ನಿಯಮಗಳನ್ನು (ಪಾಲಿಸಿ) ಹಾಕುವ ಗ್ರೂಪ್ ಪಾಲಿಸಿ ಎಡಿಟರ್ ಇಲ್ಲ. ಅದನ್ನು ಹೋಮ್‌ಗೆ ತುರುಕುವ ಬ್ಯಾಚ್ ಫೈಲ್‌ಗಳ ತಂಟೆಗೆ ಹೋಗಬೇಡಿ. ಎರಡು ಕೆಲಸಕ್ಕಷ್ಟೇ ರಿಜಿಸ್ಟ್ರಿ ಸಾಕು. ವಿಂಡೋಸ್ ಕೀ ಜತೆ ಆರ್ ಒತ್ತಿ ‘ರೆಜೆಡಿಟ್’ ತೆರೆಯಿರಿ. ಏನನ್ನೂ ಮುಟ್ಟುವ ಮೊದಲು ಫೈಲ್ > ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ.

ಸ್ಟಾರ್ಟ್ ಹುಡುಕಾಟದ ವೆಬ್ ಫಲಿತಾಂಶ ನಿಲ್ಲಿಸಲು: ಕರೆಂಟ್ ಯೂಸರ್ ಶಾಖೆಯಲ್ಲಿ ಸಾಫ್ಟ್‌ವೇರ್ > ಪಾಲಿಸೀಸ್ > ಮೈಕ್ರೋಸಾಫ್ಟ್ > ವಿಂಡೋಸ್ > ಎಕ್ಸ್‌ಪ್ಲೋರರ್ ತಲುಪಿ. ಕೊನೆಯ ಕೀ ಇಲ್ಲದಿದ್ದರೆ ರಚಿಸಿ. ಅದರಲ್ಲಿ 32-ಬಿಟ್ ಡಿವರ್ಡ್ (ಅಂಕಿಯೊಂದನ್ನು ಹಿಡಿದಿಡುವ ನಮೂದು) ಸೇರಿಸಿ, ಡಿಸೇಬಲ್ ಸರ್ಚ್ ಬಾಕ್ಸ್ ಸಜೆಶನ್ಸ್ ಎಂಬ ನಾಲ್ಕು ಇಂಗ್ಲಿಷ್ ಪದಗಳನ್ನು ಜಾಗ ಬಿಡದೆ ಹೆಸರಾಗಿ ಕೊಟ್ಟು ಮೌಲ್ಯ 1 ಹಾಕಿ.

ಕ್ರೋಮ್‌ನ ಸ್ಥಳೀಯ ಮಾಡೆಲ್ ತಡೆಯಲು: ಲೋಕಲ್ ಮಷೀನ್ ಶಾಖೆಯಲ್ಲಿ ಸಾಫ್ಟ್‌ವೇರ್ > ಪಾಲಿಸೀಸ್ > ಗೂಗಲ್ > ಕ್ರೋಮ್ ಕೆಳಗೆ ಜೆನ್ ಎಐ ಲೋಕಲ್ ಫೌಂಡೇಶನಲ್ ಮಾಡೆಲ್ ಸೆಟ್ಟಿಂಗ್ಸ್ ಎಂಬ ಆರು ಪದಗಳ, ನಡುವೆ ಜಾಗವಿಲ್ಲದ ಹೆಸರಿನ ಡಿವರ್ಡ್, ಮೌಲ್ಯ 1. ಕ್ರೋಮ್ ಪೂರ್ತಿ ಮುಚ್ಚಿ ತೆರೆದು, ವಿಳಾಸ ಪಟ್ಟಿಯಲ್ಲಿ ಕ್ರೋಮ್‌ನ ‘ಪಾಲಿಸಿ’ ಪುಟ ನೋಡಿ. ಎದುರಿಗೆ ‘ಓಕೆ’ ಎಂದಿದ್ದರೆ ಸರಿ. ‘ಅನ್‌ನೋನ್ ಪಾಲಿಸಿ’ ಎಂದರೆ ಹೆಸರಿನ ಕಾಗುಣಿತ ತಪ್ಪಿದೆ.

ಇದಾದ ಮೇಲೆ ಕ್ರೋಮ್‌ನಲ್ಲಿ ‘ನಿಮ್ಮ ಸಂಸ್ಥೆ ಈ ಬ್ರೌಸರ್ ನಿರ್ವಹಿಸುತ್ತಿದೆ’ ಎಂಬರ್ಥದ ಸಾಲು ಕಾಣುತ್ತದೆ. ಪಾಲಿಸಿ ಹಾಕಿದ್ದು ನೀವೇ, ಗಾಬರಿ ಬೇಡ. ರಿಜಿಸ್ಟ್ರಿಗೆ ಕೈಯೇ ಹಾಕದೆ ಈ ಸಾಲು ಕಂಡರೆ ಮಾತ್ರ ಅನುಮಾನಿಸಿ: ಯಾವುದೋ ಸ್ಕ್ರಿಪ್ಟ್ ಅಥವಾ ದುಷ್ಟ ಪ್ರೋಗ್ರಾಂ ಪಾಲಿಸಿ ಸೇರಿಸಿರಬಹುದು. ಪಾಲಿಸಿ ಪುಟದಲ್ಲಿ ಏನಿದೆ ಎಂದು ಮೊದಲು ಓದಿ.

## ಎಲ್ಲಿ ಕೆಡುತ್ತದೆ, ಏಕೆ

‘ಟರ್ನ್ ಆಫ್ ವಿಂಡೋಸ್ ಕೋಪೈಲಟ್’ ರಿಜಿಸ್ಟ್ರಿ ಉಪಾಯ ಫಲ ಕೊಡಲಿಲ್ಲ. ಅದು ಕೋಪೈಲಟ್ ವಿಂಡೋಸ್‌ನ ಪಕ್ಕಪಟ್ಟಿಯಾಗಿದ್ದ ಕಾಲದ್ದು. ಈಗ ಅದು ಬೇರೆ ಆ್ಯಪ್, ಆ ಮೌಲ್ಯ ಅದನ್ನು ತಡೆಯುವುದಿಲ್ಲ. ಹಂತ 2ರ ಅನ್‌ಇನ್‌ಸ್ಟಾಲ್ ಸಾಕು.

ಬೇಡದ್ದನ್ನೆಲ್ಲ ಒಮ್ಮೆಲೇ ತೆಗೆಯುವುದಾಗಿ ಹೇಳುವ ಒಂದು ಸಾಲಿನ ‘ಡಿಬ್ಲೋಟ್’ ಸ್ಕ್ರಿಪ್ಟ್ ಹಾಕಿದ ಮೇಲೆ ಸ್ಟೋರ್ ತೆರೆಯುತ್ತಿಲ್ಲ, ಅಪ್‌ಡೇಟ್ ಆಗುತ್ತಿಲ್ಲ. ಇಂಥ ಕೆಲವು ಸ್ಕ್ರಿಪ್ಟ್‌ಗಳು ಎಐ ಜತೆಗೆ ಸ್ಟೋರ್, ಅಪ್‌ಡೇಟ್ ಸೇವೆ, ಕೆಲವೊಮ್ಮೆ ವೈರಸ್ ತಡೆಯುವ ಡಿಫೆಂಡರ್ ಅನ್ನೂ ಕತ್ತರಿಸುತ್ತವೆ. ರಿಸ್ಟೋರ್ ಪಾಯಿಂಟ್‌ಗೆ ಹಿಂದಿರುಗುವುದೇ ಸುಲಭದ ದಾರಿ. ಅದಿಲ್ಲದವರು ಅಡ್ಮಿನ್ ಟರ್ಮಿನಲ್‌ನಲ್ಲಿ ‘ಡಬ್ಲ್ಯುಎಸ್‌ರೀಸೆಟ್’, ಒಂದು ಜಾಗ, ಹೈಫನ್, ಐ ಎಂದು ಕೊಟ್ಟು ಕೆಲ ನಿಮಿಷ ಕಾದರೆ ಸ್ಟೋರ್ ಮರಳಬಹುದು. ಪವರ್‌ಶೆಲ್‌ಗೆ ಅಂಟಿಸಲು ಹೇಳುವ ಯಾವ ಸಾಲನ್ನೂ ಅದು ಏನು ಮಾಡುತ್ತದೆಂದು ಓದದೆ ಓಡಿಸಬೇಡಿ.

ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಎಡ್ಜ್ ವೆಬ್‌ವ್ಯೂ2’ ಹತ್ತಾರು ಸಾಲು ಓಡುತ್ತಿದೆ. ಅದು ಎಐ ಅಲ್ಲ. ವಿಜೆಟ್ಸ್, ಟೀಮ್ಸ್, ಹೊಸ ಔಟ್‌ಲುಕ್ ತಮ್ಮ ಪರದೆ ತೋರಿಸಲು ಅದನ್ನು ಬಳಸುತ್ತವೆ. ಕಿತ್ತರೆ ಅವೆಲ್ಲ ಖಾಲಿ ಕಿಟಕಿಗಳಾಗುತ್ತವೆ.

‘ಎಐ’ ಎಂಬ ಪದ ಕಂಡದ್ದನ್ನೆಲ್ಲ ಆಫ್ ಮಾಡಿದೆ. ಕ್ರೋಮ್‌ನ ಸೇಫ್ ಬ್ರೌಸಿಂಗ್, ವಿಂಡೋಸ್‌ನ ಸ್ಮಾರ್ಟ್‌ಸ್ಕ್ರೀನ್ ಹಾಗೆಯೇ ಇರಲಿ. ನಕಲಿ ಬ್ಯಾಂಕ್ ಪುಟಗಳನ್ನು ತಡೆಯುವುದು ಅವು. ಕಣ್ಣು, ಕಿವಿ ಮಂದವಾದ ಹಿರಿಯರು ಮನೆಯಲ್ಲಿದ್ದರೆ ಲೈವ್ ಕ್ಯಾಪ್ಶನ್ಸ್, ಧ್ವನಿ ಟೈಪಿಂಗ್ ಮುಟ್ಟುವ ಮೊದಲು ಅವರನ್ನು ಕೇಳಿ.

## ಹಂತ 9: ಪರೀಕ್ಷೆ ಮತ್ತು ಮುಂದಿನ ನಿಗಾ

ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಮತ್ತೆ ಆನ್ ಮಾಡಿದರೆ ಸಾಲದು. ಫಾಸ್ಟ್ ಸ್ಟಾರ್ಟಪ್ ಇರುವಲ್ಲಿ ಅದು ಪೂರ್ಣ ಮರುಪ್ರಾರಂಭವಲ್ಲ. ಲಾಗಿನ್ ಆದ ಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಹುಡುಕು ಪೆಟ್ಟಿಗೆಯಲ್ಲಿ ಕೋಪೈಲಟ್ ಎಂದು ಟೈಪಿಸಿ, ಏನೂ ಬರಬಾರದು. ಸ್ಟಾರ್ಟಪ್ ಆ್ಯಪ್ಸ್ ಪಟ್ಟಿಯನ್ನೂ ಒಮ್ಮೆ ನೋಡಿ. ವರ್ಡ್, ಎಕ್ಸೆಲ್‌ನಲ್ಲಿ ಒಂದೊಂದು ಖಾಲಿ ಕಡತ, ನೋಟ್‌ಪ್ಯಾಡ್, ಎಡ್ಜ್‌ನ ಹೊಸ ಟ್ಯಾಬ್ ತೆರೆಯಿರಿ. ಆಮೇಲೆ ಮನೆಯ ಇತರ ಯೂಸರ್ ಖಾತೆಗಳಿಗೆ ಲಾಗಿನ್ ಆಗಿ ಹಂತ 2ರಿಂದ 6ರವರೆಗೆ ಮಾಡಿ.

ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡುತ್ತದೆ. ನಮ್ಮ ಸಮಯಕ್ಕೆ ಅದು ಸಾಮಾನ್ಯವಾಗಿ ಮಂಗಳವಾರ ರಾತ್ರಿ. ಆ ವಾರ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯಲ್ಲಿ ಕೋಪೈಲಟ್ ಮರಳಿದೆಯೇ ಎಂದು ನೋಡಿದರೆ ಸಾಕು. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಹಾಕಿಕೊಂಡಾಗ ಮಾತ್ರ ಹಂತ 2ರಿಂದ 5ರವರೆಗೆ ಪೂರ್ತಿ ಪರಿಶೀಲಿಸಿ, ರೀಕಾಲ್‌ನ ಟಿಕ್ ಸಹಿತ. ಹಂತ 7ರ ಖಾತೆ ಸೆಟ್ಟಿಂಗ್‌ಗಳು ಸರ್ವರ್‌ನಲ್ಲಿರುವುದರಿಂದ ವಿಂಡೋಸ್ ಅಪ್‌ಡೇಟ್‌ಗೆ ಅವು ಬದಲಾಗುವುದಿಲ್ಲ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿದರೂ ಅದನ್ನು ಮತ್ತೆ ಮಾಡುವ ಅಗತ್ಯವಿಲ್ಲ.